ನಾಲ್ಕನೆಯ ಹೊರಳು

ಮೊಟ್ಟೆಯೊಳಗೆ ಏನು ನಡೆದಿದೆ ಎಂದು ಮೊಟ್ಟೆ ಒಡೆಯದೆ ನೋಡುವುದು ಸೊಸೆಯ ಕೆಲಸ. ಅದಕ್ಕೊಂದು ಕತ್ತಲೆ ಕೋಣೆ, ಕಿಟಕಿಗೆ ಬಡಿದ ಕಪ್ಪು ರಟ್ಟು, ಒಳಗೆ ಬಲ್ಬು ಇಟ್ಟ ಒಂದು ತಗಡಿನ ಡಬ್ಬ. ಡಬ್ಬದ ಮುಚ್ಚಳದಲ್ಲಿ ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡ ತೂತು. ಆ ತೂತಿನ ಮೇಲೆ ಮೊಟ್ಟೆಯ ದಪ್ಪ ತುದಿಯನ್ನು ಇಟ್ಟರೆ ಸಾಕು, ಅಷ್ಟು ಹೊತ್ತು ಕಲ್ಲಿನಂತೆ ಸುಮ್ಮನೆ ಬಿದ್ದಿದ್ದ ಮೊಟ್ಟೆ ಒಳಗಿನಿಂದ ಕೆಂಪಗೆ ಬೆಳಗುತ್ತದೆ. ಕಾವಿಗೆ ಇಟ್ಟು ಏಳು ದಿನವಾಗಿದ್ದರೆ ಒಳಗೆ ಕೆಂಪು ನೂಲಿನಂಥ ರಕ್ತನಾಳಗಳು ಕಾಣುತ್ತವೆ. ಆ ನೂಲುಗಳೆಲ್ಲ ಕೂಡುವ ಕಡೆ ಏನೋ ಒಂದು ಪುಟ್ಟದು ಬಿಡುವಿಲ್ಲದೆ ಕುಣಿಯುತ್ತಿರುತ್ತದೆ. ಅದು ಹೃದಯ. ಆರು ವರ್ಷಗಳಿಂದ ದಿನಕ್ಕೆ ನೂರಾರು ಮೊಟ್ಟೆ ನೋಡಿದ್ದರೂ ಆ ಕುಣಿತ ಕಂಡಾಗಲೆಲ್ಲ ಸೊಸೆಯ ಮೈ ಜುಮ್ಮೆನ್ನುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಆರೇ ತಿಂಗಳಿಗೆ ಆಕಳಿಸುತ್ತ ಕೂರುತ್ತಿದ್ದರು.

ಕೋಳಿಮರಿ ಮಾಡಿಸುವ ಆ ಹ್ಯಾಚರಿಯಲ್ಲಿ ಬೀರುವಿನಷ್ಟು ಎತ್ತರದ ಮೋಟಾರು ಯಂತ್ರಗಳು ಎರಡಿದ್ದವು. ಅವು ಗಂಟೆಗೊಮ್ಮೆ ತಮ್ಮಷ್ಟಕ್ಕೆ ಮೊಟ್ಟೆಗಳನ್ನು ಅತ್ತಿತ್ತ ವಾಲಿಸುತ್ತ ಗುರ್ ಎನ್ನುತ್ತಿದ್ದವು. ಅವುಗಳ ಪಕ್ಕದ ಮೂಲೆಯಲ್ಲಿ ಮರದ ಹಳೆಯ ಕಾವುಪೆಟ್ಟಿಗೆ. ಯಜಮಾನಿ ತನ್ನ ಹಿತ್ತಲಿನಲ್ಲಿ ಅಕ್ಕರೆಯಿಂದ ಸಾಕಿದ ನಾಟಿ ಕೋಳಿಗಳ ಮೊಟ್ಟೆಗಳು ಮಾತ್ರ ಅದರೊಳಗೆ ಹೋಗುತ್ತಿದ್ದವು, ಒಂದು ಸರದಿಗೆ ನೂರು. ಆ ಪೆಟ್ಟಿಗೆಗೆ ಮೋಟಾರು ಇರಲಿಲ್ಲ. ಅದರ ಮೋಟಾರು ಅತ್ತೆ.

ಮೂವತ್ತು ವರ್ಷದಿಂದ ಅತ್ತೆ ಆ ಮೊಟ್ಟೆಗಳನ್ನು ಕೈಯಿಂದ ಹೊರಳಿಸುತ್ತ ಬಂದಿದ್ದಳು. ಬೆಳಿಗ್ಗೆ ಎಂಟಕ್ಕೊಮ್ಮೆ, ಮಧ್ಯಾಹ್ನ ಒಂದಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ. ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ, ಸರಿಯಾಗಿ ಅರ್ಧ ಸುತ್ತು. ಕಾವು ಕೂತ ಕೋಳಿಯೂ ಕೊಕ್ಕಿನಿಂದ ಮಾಡುವುದು ಇದನ್ನೇ. ಹೊರಳಿಸದೆ ಬಿಟ್ಟರೆ ಒಳಗೆ ಬೆಳೆಯುವ ಮರಿ ಚಿಪ್ಪಿನ ಪೊರೆಗೆ ಅಂಟಿಕೊಂಡು ಸಾಯುತ್ತದೆ ಎಂಬುದು ಹ್ಯಾಚರಿಯ ಕಸ ಗುಡಿಸುವವರಿಗೂ ಗೊತ್ತು. ಮೂರೇ ಸಲ ಯಾಕೆ ಎಂದು ಕೇಳಿದರೆ ಮಾತ್ರ ಅತ್ತೆಯ ಬಳಿ ಒಂದೇ ಉತ್ತರ: ತನ್ನ ಅತ್ತೆ ಮೂರು ಅಂದಿದ್ದಳು. ಆ ಅತ್ತೆಯ ಮಾತಿಗೆ ಎದುರಾಡಿ ಉಳಿದವರು ಯಾರೂ ಇರಲಿಲ್ಲವಂತೆ, ಹಾಗಾಗಿ ಮೂರು ಮೂರಾಗಿಯೇ ಉಳಿಯಿತು.

ಎಲ್ಲ ಸರಿಯಾಗಿಯೇ ಇತ್ತು. ನೂರಕ್ಕೆ ಎಂಬತ್ತು, ಎಂಬತ್ತೈದು ಮರಿ ಬರುತ್ತಿದ್ದವು. ಆಮೇಲೆ ಅತ್ತೆಯ ಬೆರಳುಗಳಿಗೆ ಜೋಮು ಹಿಡಿಯತೊಡಗಿತು. ಮನೆಯಲ್ಲಿ ಒಂದೇ ವಾರದಲ್ಲಿ ಎರಡು ಲೋಟ ಕೈಜಾರಿ ಬಿದ್ದವು. ಅತ್ತೆ ಲೋಟಕ್ಕೇ ಬೈದಳು. ಸೊಸೆ ಮಾತ್ರ, ಲೋಟ ಹಿಡಿಯಲಾಗದ ಬೆರಳು ನೂರು ಮೊಟ್ಟೆಯಲ್ಲಿ ನಾಲ್ಕನ್ನಾದರೂ ಬಿಟ್ಟೇ ಬಿಡುತ್ತದೆ ಎಂದುಕೊಂಡಳು. ಬಾಯಿ ಬಿಟ್ಟು ಹೇಳುವ ಧೈರ್ಯವೆಲ್ಲಿ? ಸಂಜೆ ಅತ್ತೆ ಮೂರನೆಯ ಹೊರಳು ಮುಗಿಸಿ ಹೊರಟ ಮೇಲೆ ಬೀಗ ಹಾಕುವುದು ಸೊಸೆಯ ಪಾಲಿನ ಕೆಲಸ. ಬೀಗ ಹಾಕುವ ಮೊದಲು ಅವಳು ಪೆಟ್ಟಿಗೆ ತೆರೆದು ತಾನೇ ಒಂದು ಸಲ ಎಲ್ಲವನ್ನೂ ಹೊರಳಿಸಿಬಿಟ್ಟಳು. ಜಾಸ್ತಿಯಾದರೆ ಒಳ್ಳೆಯದೇ ತಾನೆ, ಅನ್ನಕ್ಕೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿದರೆ ಯಾರು ಬೇಡವೆನ್ನುತ್ತಾರೆ ಎಂಬ ಲೆಕ್ಕ. ಅಂದಿನಿಂದ ದಿನವೂ ಅದೊಂದು ನಾಲ್ಕನೆಯ ಹೊರಳು, ಅತ್ತೆಯ ಕಣ್ಣಿಗೆ ಬೀಳದಂತೆ.

ಆ ಸರದಿಯಲ್ಲಿ ಅರವತ್ತೆಂಟು ಮರಿ ಬಂದವು. ನಾನು ಕೈ ಹಾಕದಿದ್ದರೆ ಇಷ್ಟೂ ಬರುತ್ತಿರಲಿಲ್ಲ ಎಂದು ಸೊಸೆ ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಮುಂದಿನ ಸರದಿಗೆ ಐವತ್ತೇಳು. ಅದರ ಮುಂದಿನದಕ್ಕೆ ಐವತ್ತೆರಡು. ಅಯ್ಯೋ, ಬೆರಳು ಇನ್ನೂ ಹದಗೆಟ್ಟಿತು ಎಂದುಕೊಂಡ ಸೊಸೆ ನಾಲ್ಕನೆಯ ಹೊರಳನ್ನು ಇನ್ನಷ್ಟು ಶ್ರದ್ಧೆಯಿಂದ ಮಾಡತೊಡಗಿದಳು.

ಯಜಮಾನಿ ಕೆಟ್ಟವಳಲ್ಲ, ಆದರೆ ಮಾತಿಗೆ ಸಕ್ಕರೆ ಸವರುವ ಜಾತಿಯವಳೂ ಅಲ್ಲ. ಒಂದು ದಿನ ಎಲ್ಲರೆದುರೇ ಹೇಳಿಬಿಟ್ಟಳು.

"ಇನ್ನೆರಡು ಸರದಿ ನೋಡ್ತೀನಿ. ಆಗಲ್ಲ ಅಂದ್ರೆ ಪೆಟ್ಟಿಗೆ ಮುಚ್ಚಿಸ್ತೀನಿ. ನಿಮ್ಮ ಕೈ ದಣಿದಿದೆ, ಮನೇಲಿ ಕೂತು ಆರಾಮಾಗಿರಿ."

ಅತ್ತೆ ಸೆರಗಿನ ತುದಿಯಿಂದ ಪೆಟ್ಟಿಗೆಯ ಬಾಗಿಲ ಗಾಜನ್ನು ಒರೆಸಿದಳು, ಅದು ಆಗಲೇ ಒರೆಸಿ ಮಿಂಚುತ್ತಿತ್ತು. ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಅವಳು ತನ್ನ ಎರಡು ಕೈಗಳನ್ನು ಯಾರದೋ ಕೈಗಳೆಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಆರಾಮಾಗಿ ಕೂರು ಎಂದರೆ ಈ ಹೆಂಗಸು ಒಂದೇ ತಿಂಗಳಲ್ಲಿ ಸೊರಗಿ ಹೋಗುತ್ತಾಳೆ ಎಂದು ಸೊಸೆಗೆ ಚೆನ್ನಾಗಿ ಗೊತ್ತಿತ್ತು.

ಹದಿನೈದು ದಿನಕ್ಕೊಮ್ಮೆ ಹ್ಯಾಚರಿಗೆ ಒಬ್ಬಳು ಕೋಳಿ ಡಾಕ್ಟರು ಬರುತ್ತಿದ್ದಳು. ಉದ್ದನೆಯ ಆಳು, ಯಾವ ಬಾಗಿಲಲ್ಲೂ ತಲೆ ತಗ್ಗಿಸಿಯೇ ನುಗ್ಗುವವಳು, ಸೊಸೆಯ ಬಿಸ್ಕತ್ತಿನ ಪೊಟ್ಟಣ ಎಲ್ಲಿದ್ದರೂ ವಾಸನೆ ಹಿಡಿಯುವವಳು. ಸೊಸೆ ಅವಳ ಮುಂದೆ ಎಲ್ಲ ತೋಡಿಕೊಂಡಳು. ಎಲ್ಲ ಎಂದರೆ ತನ್ನ ಹೊರಳೊಂದನ್ನು ಬಿಟ್ಟು. ಅದನ್ನು ಮುಚ್ಚಿಟ್ಟಳು ಎಂದಲ್ಲ, ಅದೂ ಹೇಳುವಂಥ ವಿಷಯ ಎಂದು ಅವಳಿಗೆ ಹೊಳೆಯಲೇ ಇಲ್ಲ. ಥರ್ಮಾಮೀಟರು ಬದಲಿಸುತ್ತೇನೆ, ನೀರಿನ ತಟ್ಟೆ ದೊಡ್ಡದು ಇಡುತ್ತೇನೆ, ಬೇರೆ ಹುಂಜ ತರಿಸಲು ಹೇಳುತ್ತೇನೆ ಎಂದು ಸೊಸೆ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರೆ ಡಾಕ್ಟರು ಬಿಸ್ಕತ್ತು ಹಿಡಿದ ಕೈಯನ್ನೇ ಅಡ್ಡ ನೀಡಿದಳು.

"ಒಂದು ಸಲಕ್ಕೆ ಒಂದೇ ಬದಲಾಯಿಸು. ಮೂರೂ ಒಟ್ಟಿಗೆ ಬದಲಾಯಿಸಿ ಸರಿಹೋಯ್ತು ಅನ್ಕೋ, ಯಾವುದರಿಂದ ಸರಿಹೋಯ್ತು ಅಂತ ಹೇಳ್ತೀಯ? ಇನ್ನೊಂದು, ನಿನ್ನ ಊಹೆ ಏನು ಅಂತ ಮೊದಲು ಬರೆದಿಡು, ಆಮೇಲೆ ನೋಡು. ನೋಡಿದ್ಮೇಲೆ ಬರೆದ್ರೆ ಮನಸ್ಸು ಮೋಸ ಮಾಡುತ್ತೆ."

ಸೊಸೆಗೆ ಈ ಮಾತು ತಲೆಗೆ ಹತ್ತಿದ್ದೇ ತಡ, ಕಾಲು ನೆಲಕ್ಕೆ ನಿಲ್ಲದಾಯಿತು. ಅಂದೇ ಅಂಗಡಿಗೆ ಹೋಗಿ ಗೆರೆ ಹಾಕಿದ ನೋಟುಪುಸ್ತಕ ತಂದಳು. ಡಾಕ್ಟರು ತನ್ನ ಥರ್ಮಾಮೀಟರನ್ನು ಪೆಟ್ಟಿಗೆಯದರ ಪಕ್ಕ ಇಟ್ಟು ಎರಡು ಗಂಟೆ ಕಾದಳು. ಎರಡರಲ್ಲೂ ಒಂದೇ ಅಂಕಿ. ಹಾಗಾದರೆ ಕಾವು ತಪ್ಪಿಲ್ಲ. ನೀರಿನ ತಟ್ಟೆಯಿಂದ ಏಳುವ ತೇವವನ್ನೂ ಅಳೆದಳು, ಅದೂ ಸರಿಯಿತ್ತು. ಮುಂದಿನದು ಹುಂಜ. ಅದೇ ನಾಟಿ ಕೋಳಿಗಳ ಇಪ್ಪತ್ತು ಮೊಟ್ಟೆಯನ್ನು ದೊಡ್ಡ ಯಂತ್ರದಲ್ಲಿ ಇಟ್ಟರು. ಇಪ್ಪತ್ತೊಂದನೆಯ ದಿನಕ್ಕೆ ಹದಿನೆಂಟು ಮರಿ ಚಿಪ್ಪೊಡೆದು ಬಂದವು. ಹುಂಜವೂ ಬಚಾವು, ಕೋಳಿಗಳೂ ಬಚಾವು. ಒಂದೊಂದಾಗಿ ಅನುಮಾನಗಳು ಕಳಚಿ ಬೀಳುವುದನ್ನು ನೋಡುತ್ತ ಸೊಸೆಗೆ ಹಿಗ್ಗೋ ಹಿಗ್ಗು. ಎಲ್ಲ ಕಳಚಿದ ಮೇಲೆ ಉಳಿದದ್ದು ಏನೆಂದು ಕಂಡಾಗ ಮಾತ್ರ ಹಿಗ್ಗು ಉಡುಗಿತು. ಉಳಿದದ್ದು ಕೈ. ಅತ್ತೆಯನ್ನು ಉಳಿಸಲು ಹೊರಟವಳು ತಾನೇ ಅವಳ ಸುತ್ತ ಹಗ್ಗ ಬಿಗಿದಂತಾಗಿತ್ತು.

ಡಾಕ್ಟರು ಹೇಳಿದ್ದಳಲ್ಲ, ಬರೆಯಲೇಬೇಕು. ಪುಸ್ತಕದ ಮೊದಲ ಪುಟದಲ್ಲಿ ಸೊಸೆ ಬರೆದಳು: 'ನನ್ನ ಊಹೆ: ಅತ್ತೆಯ ಕೈ ಕೆಲವು ಮೊಟ್ಟೆಗಳನ್ನು ಬಿಡುತ್ತಿದೆ.'

ದೊಡ್ಡ ಯಂತ್ರದ ಇಪ್ಪತ್ತು ಮೊಟ್ಟೆ ಒಡೆಯುವವರೆಗೆ ಖಾಲಿ ಬಿಟ್ಟಿದ್ದ ಪೆಟ್ಟಿಗೆಯಲ್ಲಿ ಈಗ ಹೊಸ ಸರದಿ ಶುರುವಾಯಿತು, ಯಜಮಾನಿ ಕೊಟ್ಟ ಎರಡರಲ್ಲಿ ಮೊದಲನೆಯದು. ಊಹೆ ನಿಜವೇ ಎಂದು ತಿಳಿಯಲು ಸೊಸೆ ಒಂದು ಉಪಾಯ ಹೂಡಿದಳು. ಪ್ರತಿ ಮೊಟ್ಟೆಯ ಒಂದು ಪಕ್ಕಕ್ಕೆ ಪೆನ್ಸಿಲಿನಿಂದ ಗುಣಿಸುವ ಗುರುತು, ಎದುರು ಪಕ್ಕಕ್ಕೆ ಸೊನ್ನೆ. ಎಲ್ಲವನ್ನೂ ಗುಣಿಸು ಮೇಲೆ ಬರುವಂತೆ ಇಟ್ಟಳು. ಅತ್ತೆ ಹೊರಳಿಸಿದ ಮೇಲೆ ಎಲ್ಲ ಸೊನ್ನೆ ಕಾಣಬೇಕು. ಎಲ್ಲಿ ಗುಣಿಸು ಉಳಿದಿದೆಯೋ ಅದು ಕೈ ಬಿಟ್ಟ ಮೊಟ್ಟೆ. ಇದೇನು ಗೀಚಿದ್ದೀಯ ಎಂದು ಅತ್ತೆ ಕೇಳಿದಾಗ ಡಾಕ್ಟರು ಹೇಳಿದ್ದು ಎಂದು ಜಾರಿಕೊಂಡಳು. ಅತ್ತೆ ಹುಬ್ಬು ಗಂಟಿಕ್ಕಿ ಅವಳನ್ನೊಮ್ಮೆ ನೋಡಿದಳು. ಅವಳಿಗೆ ಗುರುತಿನ ಹಂಗಿರಲಿಲ್ಲ. ಅವಳು ಮೊಟ್ಟೆ ಹೊರಳಿಸುತ್ತಿದ್ದದ್ದು ಅರೆಗಣ್ಣು ಮುಚ್ಚಿ, ಬೆರಳ ಲೆಕ್ಕದಲ್ಲಿ.

ಮೊದಲ ದಿನ ಬೆಳಿಗ್ಗೆ ಅತ್ತೆ ಕೈ ತೊಳೆಯಲು ಹೋದದ್ದೇ ಸೊಸೆ ಪೆಟ್ಟಿಗೆಯ ಬಾಗಿಲು ಸರಿಸಿದಳು. ನೂರು ಸೊನ್ನೆ. ಮಧ್ಯಾಹ್ನ ನೂರು ಗುಣಿಸು. ಸಂಜೆ ಮತ್ತೆ ನೂರು ಸೊನ್ನೆ. ಮೊದಲ ದಿನ ಜಾಗರೂಕತೆ ಇರುತ್ತದೆ, ಮೂರನೆಯ ದಿನ ನೋಡೋಣ ಎಂದುಕೊಂಡಳು. ಮೂರನೆಯ ದಿನವೂ ಅಷ್ಟೇ. ಹತ್ತನೆಯ ದಿನವೂ ಅಷ್ಟೇ. ಹದಿನೆಂಟನೆಯ ದಿನಕ್ಕೆ ಹೊರಳಿಸುವುದು ನಿಲ್ಲುತ್ತದೆ, ಆಮೇಲೆ ಮರಿ ತನ್ನ ಪಾಡಿಗೆ ತಾನು ಮೂತಿ ತಿರುಗಿಸಿಕೊಂಡು ಹೊರಬರಲು ಅಣಿಯಾಗುತ್ತದೆ. ಅಷ್ಟರಲ್ಲಿ ಸೊಸೆ ಐವತ್ತನಾಲ್ಕು ಸಲ ಪರೀಕ್ಷಿಸಿದ್ದಳು. ಜೋಮು ಹಿಡಿದ ಆ ಬೆರಳುಗಳು ಐವತ್ತನಾಲ್ಕು ಸಲದಲ್ಲಿ ಒಂದೇ ಒಂದು ಮೊಟ್ಟೆಯನ್ನೂ ಬಿಟ್ಟಿರಲಿಲ್ಲ. ಲೋಟ ಬೀಳಲಿ, ತಪ್ಪಲೆ ಬೀಳಲಿ, ಮೊಟ್ಟೆ ಮುಟ್ಟಿದರೆ ಆ ಕೈಗೆ ತನ್ನ ಮೂವತ್ತು ವರ್ಷ ನೆನಪಾಗುತ್ತಿತ್ತು. ಸೊಸೆಗೆ ಕುಣಿಯುವಂತಾಯಿತು, ನಾಚಿಕೆಯೂ ಆಯಿತು.

ಸಂಜೆಯ ತನ್ನ ಹೊರಳನ್ನು ಮಾತ್ರ ಅವಳು ಪುಸ್ತಕದಲ್ಲಿ ಬರೆಯಲಿಲ್ಲ, ಬಿಡಲೂ ಇಲ್ಲ. ಅದು ಬೀಗ ಹಾಕುವಷ್ಟೇ ಅಭ್ಯಾಸವಾಗಿತ್ತು. ಪರೀಕ್ಷೆ ನಡೆಯುತ್ತಿದ್ದದ್ದು ಅತ್ತೆಯ ಕೈಗೆ. ಪರೀಕ್ಷೆ ಮಾಡುವವಳ ಕೈಯೂ ಲೆಕ್ಕಕ್ಕೆ ಬರಬೇಕೆಂದು ಯಾರಿಗೆ ಹೊಳೆಯುತ್ತದೆ ಹೇಳಿ.

ಇಪ್ಪತ್ತೊಂದನೆಯ ದಿನ ಬಂತು. ಐವತ್ತೊಂದು ಮರಿ.

ಯಜಮಾನಿ ಎಣಿಸಿ ಹೊರಟುಹೋದಳು. ಸೊಸೆಗೆ ತಲೆ ಕೆಟ್ಟುಹೋಯಿತು. ಕಾವು ಸರಿ, ಕೋಳಿ ಸರಿ, ಅತ್ತೆಯ ಕೈಯೂ ಸರಿ, ಆದರೂ ಅರ್ಧಕ್ಕರ್ಧ ಸತ್ತಿವೆ. ಒಡೆಯದೆ ಉಳಿದ ಮೊಟ್ಟೆಗಳನ್ನು ಹಾಗೆಯೇ ಬಕೆಟ್ಟಿಗೆ ಸುರಿದು ಗುಂಡಿಗೆ ಹಾಕುವುದು ಅಲ್ಲಿಯ ರೂಢಿ. ಸತ್ತದ್ದನ್ನು ಬಿಚ್ಚಿ ನೋಡಬಾರದು, ಮನಸ್ಸಿಗೆ ಹತ್ತಿಕೊಳ್ಳುತ್ತದೆ ಎನ್ನುತ್ತಿದ್ದಳು ಅತ್ತೆ. ಆರು ವರ್ಷ ಹೊರಗಿನಿಂದಲೇ ಒಳಗೆ ನೋಡಿದ್ದ ಸೊಸೆ ಅಂದು ಮೊದಲ ಬಾರಿ ಬಕೆಟ್ಟಿಗೆ ಕೈ ಹಾಕಿದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಿಂದಿನ ನಲ್ಲಿಯ ಕಟ್ಟೆ ಮೇಲೆ ಹಳೆಯ ಪೇಪರು ಹಾಸಿ, ಒಂದೊಂದಾಗಿ ಚಿಪ್ಪು ಬಿಡಿಸತೊಡಗಿದಳು.

ಮೊದಲ ಮೊಟ್ಟೆಯಲ್ಲಿ ಮರಿ ಒಂದು ಬದಿಯ ಪೊರೆಗೆ ಅಂಟಿಕೊಂಡಿತ್ತು. ಎರಡನೆಯದರಲ್ಲೂ. ಹೊರಳಿಸದ ಮೊಟ್ಟೆಯಲ್ಲಿ ಆಗುವುದೇ ಇದು, ಆದರೆ ಇವು ದಿನವೂ ಹೊರಳಿದ ಮೊಟ್ಟೆಗಳು. ಸೊಸೆ ಕೈಯಲ್ಲಿದ್ದ ಚಿಪ್ಪನ್ನು ತಿರುಗಿಸಿ ನೋಡಿದಳು. ಅಂಟಿದ ಜಾಗದ ಹೊರಗೆ ಪೆನ್ಸಿಲಿನ ಗುಣಿಸು. ಹಿಂದಿನದನ್ನು ಎತ್ತಿ ನೋಡಿದಳು, ಅಲ್ಲೂ ಗುಣಿಸು. ಇನ್ನೊಂದು ಒಡೆದಳು. ಗುಣಿಸು. ಅವಳ ಕೈ ಚುರುಕಾಯಿತು, ವಾಸನೆ ಮರೆತುಹೋಯಿತು. ನಲವತ್ತೊಂಬತ್ತನ್ನೂ ಒಡೆದಾಗ ಮೂವತ್ತೆಂಟರಲ್ಲಿ ಮರಿ ಅಂಟಿತ್ತು, ಮೂವತ್ತೆಂಟೂ ಗುಣಿಸಿನ ಕಡೆಗೇ. ಸೊನ್ನೆಯ ಕಡೆಗೆ ಒಂದೂ ಇಲ್ಲ.

ಇದು ಸುಮ್ಮನೆ ಆಗುವ ಮಾತಲ್ಲ. ಬೆಳೆಯುವ ಮರಿ ತೇಲಿ ಅಂಟುವುದು ಮೇಲಿನ ಪಕ್ಕಕ್ಕೇ, ಹಾಗಾಗಿ ಯಾವುದೋ ಒಂದು ಹೊತ್ತು ಗುಣಿಸಿನ ಪಕ್ಕವೇ ಬಹಳ ಕಾಲ ಮೇಲಿತ್ತು. ಸೊಸೆ ಕೈ ತೊಳೆದು ಪುಸ್ತಕ ತೆರೆದಳು. ಹೊರಳಿಸುವ ಮೊದಲು ಯಾವ ಗುರುತು ಮೇಲಿತ್ತು ಎಂದು ಅವಳೇ ದಿನವೂ ಬರೆದಿದ್ದಳಲ್ಲ. ಬೆಳಿಗ್ಗೆಯ ಸಾಲಿನ ಮೇಲೆ ಬೆರಳಾಡಿಸಿದಳು. ಗುಣಿಸು, ಗುಣಿಸು, ಗುಣಿಸು, ಹದಿನೆಂಟು ದಿನವೂ ಗುಣಿಸು. ಬರೆಯುವಾಗ ಎಷ್ಟು ಅಚ್ಚುಕಟ್ಟು ಎಂದು ಮೆಚ್ಚಿಕೊಂಡಿದ್ದಳು ಪುಣ್ಯಾತ್ಗಿತ್ತಿ.

ಆದರೆ ಹಾಗೆ ಬರುವಂತಿಲ್ಲ. ಗುಣಿಸಿನಿಂದ ಶುರುವಾಗಿ ದಿನಕ್ಕೆ ಮೂರು ಹೊರಳಾದರೆ ರಾತ್ರಿ ಸೊನ್ನೆ ಮೇಲಾಗಿ ಮಲಗುತ್ತದೆ, ಮರುದಿನ ಮೂರು ಹೊರಳಿಗೆ ಗುಣಿಸು ಮೇಲಾಗಿ ಮಲಗುತ್ತದೆ. ಒಂದು ರಾತ್ರಿ ಈ ಪಕ್ಕ, ಒಂದು ರಾತ್ರಿ ಆ ಪಕ್ಕ. ಮೂರು ಎಂದ ಆ ಹಳೆಯ ಅತ್ತೆಗೆ ಕಾರಣ ಗೊತ್ತಿತ್ತೋ ಇಲ್ಲವೋ, ಮೂರು ಮಾಡುತ್ತಿದ್ದ ಕೆಲಸ ಅದು. ಅದೇ ನಾಲ್ಕಾದರೆ? ಹೋದಲ್ಲಿಂದ ಮತ್ತೆ ಅಲ್ಲಿಗೇ. ದಿನವೂ ಅದೇ ಪಕ್ಕ, ಸಂಜೆ ಬೀಗ ಹಾಕಿದಾಗಿನಿಂದ ಬೆಳಿಗ್ಗೆ ಎಂಟರ ಹೊರಳಿನವರೆಗೆ ಹೆಚ್ಚುಕಡಿಮೆ ಹದಿನಾಲ್ಕು ಗಂಟೆ.

ಸಿಕ್ಕಿತು ಎಂದು ಸೊಸೆ ಗಟ್ಟಿಯಾಗಿಯೇ ಅಂದಳು. ನಲ್ಲಿಯ ಕಟ್ಟೆಯ ಮೇಲಿದ್ದ ಕಾಗೆ ಹಾರಿಹೋಯಿತು. ಕತ್ತಲೆ ಕೋಣೆಯಲ್ಲಿ ಮೊದಲ ಸಲ ಹೃದಯ ಕುಣಿಯುವುದು ಕಂಡ ದಿನವೂ ಅವಳಿಗೆ ಇಷ್ಟು ಸಂತೋಷವಾಗಿರಲಿಲ್ಲ. ಯಾರಿಗಾದರೂ ಹೇಳಬೇಕು, ಈಗಲೇ ಹೇಳಬೇಕು ಎಂದು ಎದ್ದು ನಾಲ್ಕು ಹೆಜ್ಜೆ ಓಡಿದಳು. ಐದನೆಯ ಹೆಜ್ಜೆಗೆ ನಿಂತಳು. ಸಿಕ್ಕಿದ್ದು ಯಾರು ಎಂಬುದು ಆಗ ಹೊಳೆಯಿತು.

ಸುಮ್ಮನಿರುವ ದಾರಿಯೊಂದು ಎದುರಿಗೇ ಬಿದ್ದಿತ್ತು. ನಾಳೆಯಿಂದ ನಾಲ್ಕನೆಯ ಹೊರಳು ನಿಲ್ಲಿಸಿಬಿಟ್ಟರಾಯಿತು. ಮರಿ ಬರುತ್ತವೆ, ಅತ್ತೆ ಉಳಿಯುತ್ತಾಳೆ, ಹವೆ ಬದಲಾಯಿತು ಎಂದು ಎಲ್ಲರೂ ಹೇಳಿಕೊಳ್ಳುತ್ತಾರೆ, ಯಾರಿಗೂ ಏನೂ ತಿಳಿಯುವುದಿಲ್ಲ. ಸೊಸೆ ಒಂದು ಇಡೀ ದಿನ ಆ ದಾರಿಯಲ್ಲಿ ಮನಸ್ಸಿನಲ್ಲೇ ಓಡಾಡಿ ನೋಡಿದಳು. ಎರಡು ವಿಷಯ ಅವಳನ್ನು ಬಿಡಲಿಲ್ಲ. ಮರಿ ಬಂದರೂ ಅತ್ತೆಯ ಕೈ ಕೆಟ್ಟಿತ್ತು, ಹೇಗೋ ಸುಧಾರಿಸಿತು ಎಂಬ ಮಾತು ಉಳಿಯುತ್ತದೆ. ಮುಂದೆ ಒಂದು ಮೊಟ್ಟೆ ಕೆಟ್ಟರೂ ಎಲ್ಲರ ಕಣ್ಣು ಆ ಕೈಗೇ ಹೋಗುತ್ತದೆ. ಎರಡನೆಯದು ಇನ್ನೂ ಜೋರಾದದ್ದು: ತನ್ನ ಊಹೆ ನಿಜವೋ ಸುಳ್ಳೋ ಎಂದು ತನಗೇ ಎಂದಿಗೂ ಖಾತ್ರಿಯಾಗುವುದಿಲ್ಲ. ಆ ಯೋಚನೆಗೇ ಅವಳಿಗೆ ಅಂಗೈ ತುರಿಸಿದಂತಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಸೊಸೆ ಪುಸ್ತಕ ತಂದು ಅವಳ ಮಡಿಲಲ್ಲಿಟ್ಟು, ನಿಂತೇ ಎಲ್ಲ ಹೇಳಿದಳು. ಅತ್ತೆ ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ಕೇಳಿದಳು. ಆಮೇಲೆ ಪುಸ್ತಕ ತೆರೆದಳು. ಅವಳ ಓದು ನಿಧಾನ, ಒಂದೊಂದೇ ಅಕ್ಷರ. ಮೊದಲ ಪುಟದ ಮೊದಲ ಸಾಲಿಗೇ ಅವಳ ಬೆರಳು ನಿಂತಿತು.

"ಇಷ್ಟು ದಿನ ನನ್ನ ಹಿಂದೆ ತಿರುಗಿಸ್ತಿದ್ದೆ," ಅಂದಳು ಅತ್ತೆ. "ಕೈ ಸರಿ ಇಲ್ಲ ಅನ್ನಿಸಿದ್ರೆ ಕೇಳ್ಬಾರದಿತ್ತಾ?"

ಕೇಳಬಹುದಿತ್ತು, ಅಷ್ಟೇ. ನೊಂದುಕೊಳ್ಳುತ್ತೀರಿ ಎಂದು ಕೇಳಲಿಲ್ಲ ಎಂದಳು ಸೊಸೆ, ಆ ಮಾತು ಅವಳ ಕಿವಿಗೇ ಪೊಳ್ಳಾಗಿ ಕೇಳಿತು. ಅತ್ತೆ ಎರಡು ದಿನ ಮುಖ ಊದಿಸಿಕೊಂಡಿದ್ದಳು. ತಟ್ಟೆಗೆ ಬಡಿಸುವಾಗಲೂ ಗೋಡೆಗೆ ಹೇಳುವಂತೆ ಹೇಳಿ ಬಡಿಸುತ್ತಿದ್ದಳು. ಮೂರನೆಯ ದಿನ ಹ್ಯಾಚರಿಯ ದಾರಿಯಲ್ಲಿ ತಾನಾಗಿಯೇ ಬಾಯಿ ಬಿಟ್ಟಳು.

"ಬಾಯಿಮಾತಲ್ಲಿ ಹೇಳಿದ್ರೆ ಅತ್ತೆ ಸೊಸೆ ಸೇರ್ಕೊಂಡು ಕಥೆ ಕಟ್ಟಿದಾರೆ ಅಂತಾರೆ. ಅರ್ಧಕ್ಕೆ ಮೂರು, ಅರ್ಧಕ್ಕೆ ನಾಲ್ಕು, ಹಂಗೇ ಇಡು. ಕಣ್ಣಾರೆ ನೋಡ್ಲಿ."

ಸೊಸೆ ದಾರಿಯ ನಡುವೆಯೇ ನಿಂತುಬಿಟ್ಟಳು. ಅವಳೂ ಬಯಸಿದ್ದು ಅದನ್ನೇ, ಕೇಳಲು ಬಾಯಿ ಬಂದಿರಲಿಲ್ಲ. ಇದು ಕೊನೆಯ ಸರದಿ, ಅರ್ಧ ಮೊಟ್ಟೆಗಳನ್ನು ಬೇಕೆಂದೇ ಅಪಾಯಕ್ಕೆ ಒಡ್ಡಿದರೆ, ತನ್ನ ಊಹೆ ತಪ್ಪಾಗಿದ್ದರೆ, ಅತ್ತೆಯ ಕೆಲಸ ಹೋದಂತೆಯೇ. ಅದನ್ನು ಹೇಳಿದಾಗ ಅತ್ತೆ, ತಪ್ಪಾಗಿದ್ದರೆ ತಪ್ಪು ಅಂತಾದರೂ ಗೊತ್ತಾಗುತ್ತದಲ್ಲ ಎಂದು ಮುಂದೆ ನಡೆದಳು. ಡಾಕ್ಟರು ಕೇಳಿದ್ದರೆ ಬಿಸ್ಕತ್ತು ಕೆಳಗಿಟ್ಟು ಕೈ ಮುಗಿಯುತ್ತಿದ್ದಳು.

ಯಜಮಾನಿಯನ್ನು ಒಪ್ಪಿಸುವ ಕೆಲಸ ಡಾಕ್ಟರೇ ವಹಿಸಿಕೊಂಡಳು. ಎರಡು ತಟ್ಟೆಗಳಲ್ಲಿ ಹೊರಳಿನ ಲೆಕ್ಕ ಬೇರೆಬೇರೆ ಎಂದಷ್ಟೇ ಹೇಳಿದಳು, ಯಾವುದಕ್ಕೆ ಎಷ್ಟು ಎಂದು ಹೇಳಲಿಲ್ಲ. ಅದನ್ನು ಒಂದು ಚೀಟಿಯಲ್ಲಿ ಬರೆದು ತನ್ನ ಜೇಬಿಗೆ ಹಾಕಿಕೊಂಡಳು. ಎಣಿಸುವವರಿಗೆ ಮೊದಲೇ ತಿಳಿದಿರಬಾರದು ಎಂಬುದು ಅವಳ ಕಟ್ಟುನಿಟ್ಟು. ನೂರು ಮೊಟ್ಟೆಗಳನ್ನು ಒಂದು ಬುಟ್ಟಿಯಲ್ಲಿ ಬೆರೆಸಿ, ಅತ್ತೆ ಕಣ್ಣು ಮುಚ್ಚಿ ಒಂದೊಂದನ್ನೇ ತೆಗೆದು ಒಮ್ಮೆ ನೀಲಿ ತಟ್ಟೆಗೆ, ಒಮ್ಮೆ ಹಳದಿ ತಟ್ಟೆಗೆ ಇಟ್ಟಳು. ಒಳ್ಳೆಯವೆಲ್ಲ ಒಂದೇ ಕಡೆ ಸೇರಬಾರದಲ್ಲ. ಪೆಟ್ಟಿಗೆಯ ಒಂದು ಮೂಲೆ ಹೆಚ್ಚು ಬೆಚ್ಚಗಿದ್ದರೆ ಎಂದು ದಿನವೂ ತಟ್ಟೆಗಳ ಜಾಗ ಅದಲುಬದಲು ಮಾಡಿದರು. ಅದೇ ಕಾವು, ಅದೇ ನೀರು, ಅದೇ ಕೋಳಿಗಳು. ವ್ಯತ್ಯಾಸ ಒಂದೇ: ಸಂಜೆ ಅತ್ತೆಯ ಮೂರನೆಯ ಹೊರಳಾದ ಮೇಲೆ ಹಳದಿ ತಟ್ಟೆಗೆ ಮಾತ್ರ ಸೊಸೆಯ ನಾಲ್ಕನೆಯದು.

ಆ ಹೊರಳನ್ನು ಅತ್ತೆ ಒಂದು ದಿನವೂ ನಿಂತು ನೋಡಲಿಲ್ಲ. ಆರಕ್ಕೆ ತನ್ನ ಕೆಲಸ ಮುಗಿಸಿ ಗೇಟಿನ ಬಳಿ ಹೋಗಿ ಬೆನ್ನು ಮಾಡಿ ನಿಲ್ಲುತ್ತಿದ್ದಳು. ಮಾತು ಮೊದಲಿನಂತಾಗಿತ್ತು, ನಗುವೂ ಬಂದಿತ್ತು, ಆದರೆ ಆ ಐದು ನಿಮಿಷ ಬೆನ್ನು ಬೆನ್ನಾಗಿಯೇ ಉಳಿಯುತ್ತಿತ್ತು. ಸೊಸೆ ಅದನ್ನು ನುಂಗಿಕೊಂಡು ಹಳದಿ ತಟ್ಟೆಯ ಐವತ್ತನ್ನೂ ಹೊರಳಿಸುತ್ತಿದ್ದಳು. ಏಳನೆಯ ದಿನ ದೀಪ ಹಿಡಿದಾಗ ಎರಡೂ ತಟ್ಟೆಗಳಲ್ಲಿ ಹೃದಯಗಳು ಒಂದೇ ಸಮ ಕುಣಿಯುತ್ತಿದ್ದವು. ಹದಿನಾಲ್ಕನೆಯ ದಿನ ಹಳದಿಯಲ್ಲಿ ಎಂಟು ಮೊಟ್ಟೆಗಳೊಳಗೆ ಕುಣಿತ ನಿಂತಿತ್ತು, ನೀಲಿಯಲ್ಲಿ ಎರಡರಲ್ಲಿ. ಸೊಸೆಗೆ ಅವುಗಳ ಪಾಡಿಗೆ ಕರುಳು ಚುರ್ ಎಂದಿತು, ಅದರ ಹಿಂದೆಯೇ ಎದೆಯಲ್ಲೊಂದು ಪುಳಕವೂ ಬಂತು. ಎರಡೂ ಒಟ್ಟಿಗೆ ಹೇಗೆ ಬರುತ್ತವೆ ಎಂದು ಅವಳಿಗೆ ಅರ್ಥವಾಗಲಿಲ್ಲ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಒಳಗಿನಿಂದ ಚಿಂವ್‌ಗುಟ್ಟುವುದು ಕೇಳಿತು. ಪೆಟ್ಟಿಗೆಯ ಗಾಜಿಗೆ ನಾಲ್ವರೂ ಮುಖ ಒತ್ತಿದರು, ಡಾಕ್ಟರು ಎಲ್ಲರ ತಲೆಗಳ ಮೇಲಿಂದ. ಒಂದು ಚಿಪ್ಪು ತುದಿಯಲ್ಲಿ ಬಿರುಕು ಬಿಟ್ಟಿತು. ಬಿರುಕಿನಿಂದ ಒಂದು ಕೊಕ್ಕು ಹೊರಬಂದು, ಸುಸ್ತಾಗಿ ನಿಂತು, ಮತ್ತೆ ಕುಟ್ಟಿತು. ನೀಲಿ ತಟ್ಟೆಯಲ್ಲಿ ಎಲ್ಲಿ ನೋಡಿದರೂ ಒದ್ದೆ ರೆಕ್ಕೆ, ಎಡವುವ ಕಾಲು. ಹಳದಿಯಲ್ಲಿ ಅಲ್ಲೊಂದು ಇಲ್ಲೊಂದು. ಸೊಸೆಗೆ ಎಣಿಸಬೇಕೆಂದು ಕಣ್ಣು ಹಾತೊರೆಯುತ್ತಿತ್ತು, ಎಣಿಸುವ ಹಕ್ಕು ಯಜಮಾನಿಯದಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಯಜಮಾನಿ ಮರಿಗಳನ್ನು ಒಂದೊಂದಾಗಿ ಎತ್ತಿ ರಟ್ಟಿನ ಡಬ್ಬಕ್ಕೆ ಬಿಡುತ್ತ ಎಣಿಸಿದಳು.

ನೀಲಿಯಲ್ಲಿ ನಲವತ್ತಮೂರು. ಹಳದಿಯಲ್ಲಿ ಇಪ್ಪತ್ತಾರು.

ಡಾಕ್ಟರು ಚೀಟಿ ತೆಗೆದು ಕೊಟ್ಟಳು. ಯಜಮಾನಿ ಅದನ್ನು ಓದಿ, ನೀಲಿಗೆ ಮೂರು, ಹಳದಿಗೆ ನಾಲ್ಕು ಎಂದು ತನಗೆ ತಾನೇ ಹೇಳಿಕೊಂಡು, ಇಷ್ಟು ದಿನ ನಾಲ್ಕನೆಯದನ್ನು ಮಾಡುತ್ತಿದ್ದವರು ಯಾರು ಎಂದು ಅತ್ತೆಯ ಕಡೆ ತಿರುಗಿದಳು. ಅತ್ತೆ ಬಾಯಿ ತೆರೆಯುವ ಮೊದಲೇ ಸೊಸೆ ಮುಂದೆ ಬಂದಳು.

"ನಾನು. ಇವರ ಕೈ ಬಿಡ್ತಿದೆ ಅಂದ್ಕೊಂಡು ಮಾಡ್ದೆ. ಇವರ ಕೈ ಒಂದನ್ನೂ ಬಿಟ್ಟಿಲ್ಲ, ಲೆಕ್ಕ ಇದೆ. ಮರಿ ಸತ್ತಿದ್ದು ನನ್ನಿಂದ."

ಸೊಸೆಗೆ ಬೈಗುಳ ಬಂತೆಂದೇ ಕಿವಿ ಬಿಸಿಯಾದವು. ಬಂದದ್ದು ಬೇರೆ. ಯಜಮಾನಿ ಅತ್ತೆಯ ಕಡೆ ತಿರುಗಿ, ಅಂದು ಎಲ್ಲರೆದುರು ಆಡಿದ ಮಾತನ್ನು ಎಲ್ಲರೆದುರೇ ವಾಪಸು ತೆಗೆದುಕೊಂಡಳು. ಪೆಟ್ಟಿಗೆಯೂ ಇರುತ್ತದೆ, ನೀವೂ ಇರುತ್ತೀರಿ ಎಂದಳು. ಮರಿಗಳಿಗಾಗಿ ಸೊಸೆಗೆ ಎರಡು ಬಿರುಸು ಮಾತು ಆಡುವುದನ್ನೂ ಮರೆಯಲಿಲ್ಲ. ಆಮೇಲೆ ಅತಿಯಾಗಿ ಹೊರಳಿಸುವುದೇ ಕೆಟ್ಟದ್ದು, ಇನ್ನು ಮೂರರ ಮೇಲೆ ಒಂದೂ ಕೂಡದು ಎಂದು ತೀರ್ಮಾನ ಕೊಟ್ಟಳು.

ಸೊಸೆಗೆ ತಡೆಯಲಾಗಲಿಲ್ಲ. ಹೆಚ್ಚಾದದ್ದರಿಂದಲ್ಲ, ರಾತ್ರಿಯೆಲ್ಲ ಒಂದೇ ಪಕ್ಕ ಮಲಗಿದ್ದರಿಂದ ಎಂದು ವಾದಕ್ಕಿಳಿದಳು. ಗಂಟೆಗೊಮ್ಮೆ ತಿರುಗುವ ದೊಡ್ಡ ಯಂತ್ರವನ್ನು ತೋರಿಸಿದರೂ, ಅದು ವಾಲಿಸುತ್ತದೆ ಅಷ್ಟೆ, ಹೊರಳಿಸುವುದಿಲ್ಲ ಎಂದು ಯಜಮಾನಿ ಒಪ್ಪಲಿಲ್ಲ. ಇಬ್ಬರೂ ಡಾಕ್ಟರ ಮುಖ ನೋಡಿದರು. ಡಾಕ್ಟರು ನಗುತ್ತ, ಈ ಎಣಿಕೆ ಇಬ್ಬರ ಮಾತಿಗೂ ಹೊಂದುತ್ತದೆ, ಯಾರು ಸರಿ ಎಂದು ಇದರಿಂದ ಹೇಳಲು ಬರುವುದಿಲ್ಲ ಎಂದಳು. ಗೆದ್ದೆ ಎಂದುಕೊಂಡಿದ್ದ ಸೊಸೆಯ ಮುಖ ಸಪ್ಪಗಾಯಿತು.

ಅತ್ತೆ ಅಷ್ಟು ಹೊತ್ತೂ ಒಂದು ಒದ್ದೆ ಮರಿಯನ್ನು ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ಐದು ಸಲ ತಿರುಗಿಸಿದ್ರೆ?"

ಮೂವರೂ ಅವಳ ಕಡೆ ತಿರುಗಿದರು.

"ಐದಾದ್ರೆ ರಾತ್ರಿ ಪಕ್ಕಾನೂ ಬದಲಾಗುತ್ತೆ, ನಾಲ್ಕಕ್ಕಿಂತ ಜಾಸ್ತೀನೂ ಆಗುತ್ತೆ. ಜಾಸ್ತಿ ಆಗಿದ್ದೇ ತಪ್ಪು ಅಂದ್ರೆ ಇನ್ನೂ ಸಾಯ್ಬೇಕು. ಪಕ್ಕದ್ದು ತಪ್ಪು ಅಂದ್ರೆ ಬದುಕ್ಬೇಕು. ಇಟ್ಟು ನೋಡಿದ್ರೆ ಗೊತ್ತಾಗಲ್ವಾ?"

ಡಾಕ್ಟರು ಕೈಯಲ್ಲಿದ್ದ ಬಿಸ್ಕತ್ತನ್ನು ನಿಜವಾಗಿಯೂ ಕೆಳಗಿಟ್ಟಳು. ಮೂವತ್ತು ವರ್ಷ ಮೂರು ಎಂದರೆ ಮೂರು ಎಂದಿದ್ದ ಹೆಂಗಸಿನ ಬಾಯಿಂದ ಐದು ಬಂದದ್ದು ಕೇಳಿ ಸೊಸೆಗೆ ಅಳುವೂ ನಗುವೂ ಒಟ್ಟಿಗೆ ಬಂತು. ಯಜಮಾನಿ ಲೊಚಗುಟ್ಟಿದಳು, ಆದರೆ ಇಪ್ಪತ್ತು ಮೊಟ್ಟೆಯಷ್ಟೇ ಎಂದು ಒಪ್ಪಿದಳು. ಸೊಸೆ ಓಡಿಹೋಗಿ ಪುಸ್ತಕ ತಂದು ಹೊಸ ಪುಟ ತೆರೆದಳು. ಊಹೆಯನ್ನು ಮೊದಲು ಬರೆಯಬೇಕು. ಯಾರ ಊಹೆ ಎಂದು ಬರೆಯಲಿ ಎಂದು ಕೇಳಿದಾಗ ಅತ್ತೆ, ಇಬ್ಬರದೂ ಎಂದಳು. ಬರೆದು ಮುಗಿಸಿ, ಐದನ್ನು ಹೇಗೆ ಹಂಚಿಕೊಳ್ಳುವುದು ಎಂದು ಸೊಸೆ ತಗ್ಗಿದ ದನಿಯಲ್ಲಿ ಕೇಳಿದಳು.

ಅತ್ತೆ ಮರಿಯನ್ನು ಉಳಿದವುಗಳ ನಡುವೆ ಬಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಮೂರು ನಂದು. ಮಿಕ್ಕಿದ್ದೆರಡು ನಿಂದು," ಅಂದಳು. "ಈ ಸಲ ನನ್ನ ಮುಂದೆ ತಿರುಗಿಸು."

ಸೊಸೆ ಹೂಂಗುಟ್ಟಿದಳು. ಇಬ್ಬರೂ ಬುಟ್ಟಿಯ ಎದುರು ಕೂತು ಪೆನ್ಸಿಲು ಹಿಡಿದರು. ಅತ್ತೆ ಒಂದು ಪಕ್ಕಕ್ಕೆ ಗುಣಿಸು ಹಾಕಿ ಕೊಟ್ಟಳು, ಸೊಸೆ ತಿರುಗಿಸಿ ಸೊನ್ನೆ ಹಾಕಿದಳು.